ಪೀಣ್ಯದ ಶೆಡ್ಡು, ಮೂರನೇ ವಾರ

ಪೀಣ್ಯ ಎರಡನೇ ಹಂತದ ಮಷೀನ್ ಶಾಪ್‌ನ ವೈರಿಂಗ್ ಕೆಲಸ ಮೂರನೇ ವಾರಕ್ಕೆ ಬಂತು. ಹೊಸ ಪ್ಯಾನೆಲ್ ನಿಲ್ಲಿಸಿ, ನಾಲ್ಕು ಸಿಎನ್‌ಸಿ ಮಷೀನು ಮತ್ತು 20 ಎಚ್‌ಪಿ ಕಂಪ್ರೆಸರ್‌ಗೆ ಲೈನ್ ಕೊಡಬೇಕು. ಆಯುಧಪೂಜೆಗೆ ಮೊದಲು ಎಲ್ಲ ಓಡಬೇಕು ಅಂತ ಮಾಲೀಕರ ಆಸೆ. ಹಬ್ಬದ ದಿನ ಪ್ಯಾನೆಲ್ಲಿಗೂ ಕುಂಕುಮ ಬೀಳುತ್ತದೆ, ಆಗ ಅದು ಖಾಲಿ ಡಬ್ಬಿ ಆಗಿರಬಾರದು ಅಲ್ವಾ.

ಟ್ರೇ, ಗ್ಲ್ಯಾಂಡ್, ಅರ್ಥಿಂಗ್ ಗುಂಡಿ ಹೋದ ಭಾನುವಾರಕ್ಕೇ ಮುಗಿದಿದ್ದವು. ಮಷೀನುಗಳೂ ತಂಟೆ ಮಾಡಲಿಲ್ಲ. ಈ ವಾರವನ್ನೆಲ್ಲ ತಿಂದದ್ದು ಕಂಪ್ರೆಸರ್.

ಸೋಮವಾರ ಸ್ಟಾರ್ಟ್ ಆಯಿತು, ಅರ್ಧ ಗಂಟೆ ಓಡಿದ ಮೇಲೆ ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಸಾಧನ) ಟ್ರಿಪ್ ಆಯಿತು. ತಣ್ಣಗಾಗಲು ಬಿಟ್ಟು ರೀಸೆಟ್ ಮಾಡಿದರೆ ಮತ್ತೆ ಅದೇ ಕಥೆ. 'ಅಣ್ಣ, ರಿಲೇ ಸ್ವಲ್ಪ ಜಾಸ್ತಿ ಮಾಡೋಣ್ವಾ?' ಅಂದ ನಮ್ಮ ಹುಡುಗ. ಬೇಡ ಅಂದೆ. 20 ಎಚ್‌ಪಿ ಅಂದರೆ 15 ಕಿಲೋವ್ಯಾಟ್. 415 ವೋಲ್ಟಿನಲ್ಲಿ ಫುಲ್ ಲೋಡಿಗೆ ಸುಮಾರು 28 ಆಂಪ್. ಈ ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಲ್ಲಿ ರಿಲೇ ಕೂತಿರುವುದು ಮೋಟಾರಿನ ವೈಂಡಿಂಗ್ ಕಡೆ, ಅಲ್ಲಿ ಹರಿಯುವುದು ಲೈನ್ ಕರೆಂಟಿನ 0.58 ಪಾಲು ಮಾತ್ರ. ಹಾಗಾಗಿ 28 ಅನ್ನು 0.58ರಿಂದ ಗುಣಿಸಿ 16ರ ಹತ್ತಿರ ಇಡಬೇಕು. ಎಷ್ಟೋ ಕಡೆ 28ಕ್ಕೇ ತಿರುಗಿಸಿ ಬಿಟ್ಟಿರುತ್ತಾರೆ. ಆಮೇಲೆ ಮೋಟಾರ್ ಸುಟ್ಟರೂ ರಿಲೇ ಕಣ್ಣು ಬಿಡುವುದಿಲ್ಲ. ನಾನು 16ಕ್ಕೇ ಇಟ್ಟಿದ್ದೆ. ಅಂದರೆ ಅದು ಸುಮ್ನೆ ಟ್ರಿಪ್ ಆಗುತ್ತಿಲ್ಲ.

ಕರೆಂಟ್ ಅಳೆಯುವ ಕ್ಲಾಂಪ್ ಮೀಟರನ್ನು ಲೈನ್ ಕಡೆ ಹಾಕಿದೆ. ಕೆಂಪು ಫೇಸಿನಲ್ಲಿ 18 ಆಂಪ್, ಹಳದಿಯಲ್ಲಿ 33, ನೀಲಿಯಲ್ಲಿ 32. ಒಂದು ಫೇಸು ಸೋತಿದೆ, ಉಳಿದೆರಡು ಅದರ ಭಾರವನ್ನೂ ಹೊರುತ್ತಿವೆ. ಮೋಟಾರಿನ ಟರ್ಮಿನಲ್ ಬಿಚ್ಚಿದೆವು, ಸ್ಟಾರ್ಟರ್ ಬಿಚ್ಚಿದೆವು. ಎರಡೂ ಚೆನ್ನಾಗಿದ್ದವು. ಮಂಗಳವಾರ ಹೀಗೇ ಹೋಯಿತು.

ಬುಧವಾರ ಬೆಳಿಗ್ಗೆ ಕಂಪ್ರೆಸರ್‌ಗೆ ಕರೆಂಟ್ ಕೊಡುವ ಫೀಡರ್ ಸ್ವಿಚ್ಚಿನ ಹತ್ತಿರ ಸುಟ್ಟ ಪ್ಲಾಸ್ಟಿಕ್ ವಾಸನೆ. ಮೇನ್ ಆಫ್ ಮಾಡಿ, ಬೀಗ ಹಾಕಿ, ಕೀಲಿ ಜೇಬಿಗಿಟ್ಟುಕೊಂಡು ಬಾಗಿಲು ತೆಗೆದೆ. ಕೆಂಪು ಫೇಸಿನ ಲಗ್ (ಕೇಬಲ್ ತುದಿಗೆ ಕೂರಿಸುವ ಲೋಹದ ಕೊಂಡಿ) ಕಪ್ಪಗಾಗಿತ್ತು, ಸ್ಲೀವ್ ಕರಗಿತ್ತು. ಯಾರೋ ಎಂದೋ ತಾಮ್ರದ ಟರ್ಮಿನಲ್ಲಿಗೆ ಬರೀ ಅಲ್ಯೂಮಿನಿಯಂ ಲಗ್ ಕೂರಿಸಿದ್ದರು. ಬಿಸಿಯಾಗಿ ಹಿಗ್ಗುವುದು, ತಣ್ಣಗಾಗಿ ಕುಗ್ಗುವುದು, ಮೇಲೊಂದು ಆಕ್ಸೈಡ್ ಪದರ. ಹಿಡಿತ ಸಡಿಲ ಆಗದೆ ಇನ್ನೇನು?

ತಪ್ಪು ನನ್ನದೂ ಹೌದು. ದುಡ್ಡು ಉಳಿಯಲಿ ಅಂತ ಆ ಲಗ್ಗಿದ್ದ ಹಳೆಯ ಕೇಬಲ್ಲನ್ನೇ ಉಳಿಸಿಕೊಂಡಿದ್ದೆ. 500 ವೋಲ್ಟ್ ಮೆಗ್ಗರ್‌ನಲ್ಲಿ ಪಾಸಾಯಿತಲ್ಲ ಅಂತ ನೆಮ್ಮದಿಯಲ್ಲಿದ್ದೆ. ಆದರೆ ಮೆಗ್ಗರ್ ನೋಡುವುದು ಇನ್ಸುಲೇಷನ್ ಮಾತ್ರ, ಲಗ್ಗಿನ ಹಿಡಿತವನ್ನಲ್ಲ. ಹೊಸ ತುದಿಗಳನ್ನೆಲ್ಲ ಕೈಯಾರೆ ಬಿಗಿ ಮಾಡಿದ್ದೆ, ಈ ಹಳೆಯ ತುದಿಯನ್ನು ಮುಟ್ಟಿರಲಿಲ್ಲ.

ಸುಟ್ಟ ತುದಿ ಕತ್ತರಿಸಿ, ಮೂರೂ ಫೇಸಿಗೆ ಬೈಮೆಟಲ್ ಲಗ್ (ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ) ಕ್ರಿಂಪ್ ಮಾಡಿದೆವು. ಟರ್ಮಿನಲ್ಲೂ ಸುಟ್ಟು ಹಾಳಾಗಿತ್ತು, ಸ್ವಿಚ್ಚನ್ನೇ ಬದಲಿಸಿದೆ. ಅದರ ಖರ್ಚು ನನ್ನ ತಲೆಗೆ. ಈಗ ರೀಡಿಂಗ್ 27, 26, 27. ಗುರುವಾರದಿಂದ ಎರಡು ಶಿಫ್ಟ್ ಓಡುತ್ತಿದೆ, ರಿಲೇ 16ರಲ್ಲೇ ಇದೆ.

ಇನ್ನು ಉಳಿದಿರುವುದು ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಸುಧಾರಿಸುವ ಕೆಪಾಸಿಟರ್ ಪ್ಯಾನೆಲ್. ಲೋಡ್ ಸುಮಾರು 60 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.80. ಅದನ್ನು 0.95ಕ್ಕೆ ತರಲು 25 ಕೆವಿಎಆರ್ (ಕೆಪಾಸಿಟರಿನ ಅಳತೆ) ಬೇಕು. ಭಾನುವಾರ ಶಟ್‌ಡೌನ್ ಕೇಳಿದ್ದೇನೆ. ಮೊದಲ ಒಂದು ಗಂಟೆ ಉಳಿದ ಹಳೆಯ ಲಗ್‌ಗಳಿಗೆ, ಆಮೇಲೆ ಕೆಪಾಸಿಟರ್.