ಹಳದಿ ಗಂಟೆ

ನಿನ್ನೆ ಸಂಜೆ ಮಗಳು ನನಗೆ ಡೋರೇಮಾನ್ ಬಿಡಿಸೋದು ಹೇಳಿಕೊಟ್ಟಳು. ಮೊದಲು ತಲೆಗೆ ದೊಡ್ಡ ಸೊನ್ನೆ, ಅದರೊಳಗೆ ಮುಖಕ್ಕೆ ಇನ್ನೊಂದು. ಒಂದಕ್ಕೊಂದು ಅಂಟಿದ ಎರಡು ಮೊಟ್ಟೆಗಣ್ಣು, ಅವುಗಳ ಕೆಳಗೆ ಕೆಂಪು ಮೂಗು, ಮೂಗಿನಿಂದ ಇಳಿದ ಗೆರೆಗೆ ಅಗಲವಾದ ನಗು. ಮೀಸೆ ಆ ಕಡೆ ಮೂರು, ಈ ಕಡೆ ಮೂರು. ಬೆಕ್ಕಲ್ವಾ ಅಂತ ಕಿವಿ ಬರೆಯೋಕೆ ಹೋದೆ. "ಅಮ್ಮಾ ಬೇಡ, ಅವನ ಕಿವಿ ಇಲಿ ತಿಂದುಬಿಡ್ತು!" ಅಂತ ನನ್ನ ಕೈ ಹಿಡಿದುಕೊಂಡಳು. ಹಾಗೇ ಹಿಡಿದುಕೊಂಡೇ ನೀಲಿ ಬಣ್ಣ ತುಂಬಿಸಿದಳು, ಅಂಚಿನಿಂದ ಒಳಕ್ಕೆ, ನಿಧಾನವಾಗಿ. ಮುಖ, ಹೊಟ್ಟೆ ಮಾತ್ರ ಬಿಳಿ.

1969ರಲ್ಲಿ ಜಪಾನಿನ ಮಕ್ಕಳ ಪತ್ರಿಕೆಗಳಲ್ಲಿ ಹುಟ್ಟಿದ ಬೆಕ್ಕು, ನಮ್ಮ ಮನೆಯ ಚಾಪೆ ಮೇಲೆ ಹೀಗೆ ಬಂದು ಕೂತಿತು. ಅವಳಿಗೆ 'ಅ' ತಿದ್ದಿಸುವಾಗ ನಾನೂ ಹೀಗೇ ಕೈ ಹಿಡಿದಿದ್ದೆ. ಕೊನೆಗೆ ಕೊರಳ ಗಂಟೆ. ಅದಕ್ಕೆಂದೇ ಉಳಿಸಿಟ್ಟಿದ್ದ ಬೆರಳುಗುರಿನಷ್ಟು ಹಳದಿ ಕ್ರೇಯಾನ್ ತುಂಡನ್ನು ನನ್ನ ಅಂಗೈಗಿಟ್ಟಳು.