ಇಡೀ ಕಾರ್ನಿಸ್ ತೆಗೆಯಿರಿ ಅಂತ ಬರೆಯುವ ಮುಂಚೆ

ಶಿಕಾಗೋ ನಗರದ ನಡುಭಾಗವಾದ ಲೂಪ್‌ನಲ್ಲಿ ಹಳೆಯ ಕಟ್ಟಡಗಳ ಹೊರಗೋಡೆ ಪರೀಕ್ಷಿಸುವುದು ನನ್ನ ಕೆಲಸ. ಇಲ್ಲಿ 80 ಅಡಿ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳ ಹೊರಮೈ ತಪಾಸಣೆ ಕಾಯಿದೆ ಪ್ರಕಾರ ಆಗಲೇಬೇಕು. ಈಚೆಗೆ ಮಾಡಿದ ಒಂದು ತಪಾಸಣೆ ಇನ್ನೂ ಮನಸ್ಸನ್ನು ಕೊರೆಯುತ್ತಿದೆ.

ನೂರು ವರ್ಷ ದಾಟಿದ ಕಟ್ಟಡ, ಮೈತುಂಬ ಬಿಳಿ ಟೆರಾಕೋಟ, ಅಂದರೆ ಗಾಜಿನಂಥ ಹೊಳಪಿನ ಲೇಪ (ಗ್ಲೇಜ್) ಕೊಟ್ಟ ಸುಟ್ಟ ಮಣ್ಣಿನ ತುಂಡುಗಳು. ಕೆಳಗಿನಿಂದ ಬೈನಾಕ್ಯುಲರ್‌ನಲ್ಲಿ ನೋಡಿದರೆ ಗ್ಲೇಜ್ ಪಳಪಳ ಹೊಳೆಯುತ್ತಿತ್ತು. ಕಾರ್ನಿಸ್, ಅಂದರೆ ಗೋಡೆಯ ತುದಿಯಲ್ಲಿ ಹೊರಚಾಚಿದ ಅಲಂಕಾರದ ಅಂಚು, ಗಟ್ಟಿಯಾಗಿಯೇ ಇದೆ ಅಂತ ಇಡೀ ತಂಡ ಅಂದುಕೊಂಡಿತ್ತು. ಮೇಲಿನಿಂದ ಹಗ್ಗಕ್ಕೆ ತೂಗುಬಿಟ್ಟ ಸ್ವಿಂಗ್ ಸ್ಟೇಜ್‌ನಲ್ಲಿ ಹತ್ತಿರ ಹೋಗಿ ಮ್ಯಾಲೆಟ್ ಸುತ್ತಿಗೆಯಿಂದ ತಟ್ಟಿದರೆ ಟಣ್ ಅನ್ನಬೇಕಾದದ್ದು ದಬ್ ಅಂದಿತು, ಒಳಗೆ ಕೆಟ್ಟಿದೆ ಅನ್ನುವ ಸೂಚನೆ. ಪಕ್ಕದ್ದೂ ದಬ್. ಅದರಾಚೆಯದಕ್ಕೆ ಕೈ ಇಟ್ಟೆ, ಅಲುಗಾಡಿತು.

ಮುಂಬದಿಯಲ್ಲಿ ಕೆಳಗೆ ನಡೆಯುವವರ ತಲೆ ಕಾಯುವ ಚಪ್ಪರ, ಅಂದರೆ ಕ್ಯಾನೊಪಿ ಇತ್ತು, ನಾವಿದ್ದ ಓಣಿಯ ಕಡೆ ಇರಲಿಲ್ಲ. ಬಜೆಟ್ ಕಾರಣ ಕೊಟ್ಟು ಆಫೀಸಿನವರು ಬಿಟ್ಟಿದ್ದರು. ಊಟದ ಹೊತ್ತು, ಕೆಳಗೆ ಜನ ಓಡಾಡುತ್ತಲೇ ಇದ್ದಾರೆ. ರೇಡಿಯೋದಲ್ಲಿ "ಓಣಿ ಮುಚ್ಚಿ, ಓಣಿ ಮುಚ್ಚಿ" ಅಂತ ಕೂಗಿದರೂ ಗಾಳಿ ಮತ್ತು ಮೇಲ್ಸೇತುವೆ ಮೇಲೆ ಓಡುವ ಎಲ್ ರೈಲಿನ ಸದ್ದಿನಲ್ಲಿ ಯಾರಿಗೂ ಕೇಳುತ್ತಿಲ್ಲ. ಸ್ಟೇಜ್ ನೋಡಿಕೊಳ್ಳುವ ರಿಗ್ಗರ್ ಎರಡೂ ಕೈಯಿಂದ ತುಂಡನ್ನು ಗೋಡೆಗೆ ಒತ್ತಿ ಹಿಡಿದ, ನಾನು ಸ್ಟ್ರಾಪ್ ಸುತ್ತತೊಡಗಿದೆ, ಬೆರಳು ಮಾತು ಕೇಳುತ್ತಿರಲಿಲ್ಲ. ಕೊನೆಗೆ ಕೆಳಗೆ ಯಾರೋ ಓಡಿಬಂದು ಕೋನ್ ಇಟ್ಟು ಜನರನ್ನು ತಡೆದರು. ಏನೂ ಬೀಳಲಿಲ್ಲ.

ಸಂಜೆ ಮ್ಯಾನೇಜರ್ ವರದಿಯ ಡ್ರಾಫ್ಟ್ ಕಳಿಸಿದರು: ಇಡೀ ಕಾರ್ನಿಸ್ ತೆಗೆದು ಸಪಾಟು ಮಾಡಿ. ನನಗೆ ಸಿಟ್ಟು ಬಂತು. ಕೆಟ್ಟಿದ್ದು ಒಂದು ಮೂಲೆ ಮಾತ್ರ, ಅದಕ್ಕೆ ಕಾರಣವೂ ಕಣ್ಣೆದುರಿಗೇ ಇತ್ತು. ಹಿಂದೆ ಯಾರೋ ರಿಪೇರಿ ಅಂತ ಗಾರೆ ಕಿತ್ತು ಸಂದಿಗಳಿಗೆಲ್ಲ ನೀರು ದಾಟದ ಅಂಟು, ಸೀಲೆಂಟ್ ಮೆತ್ತಿದ್ದರು. ಮೇಲಿನ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ. ತುಂಡನ್ನು ಗೋಡೆಗೆ ಹಿಡಿದಿಡುವ ಉಕ್ಕಿನ ಆಂಕರ್ ತುಕ್ಕು ಹಿಡಿದು ಉಬ್ಬುತ್ತದೆ, ಟೆರಾಕೋಟವನ್ನು ಒಳಗಿನಿಂದಲೇ ಸೀಳುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿದರೆ ಕಥೆ ಮುಗಿದಂತೆ. ಆದರೆ ಉಳಿದ ತುಂಡುಗಳು ಗಟ್ಟಿಯಾಗಿದ್ದವು, ತಟ್ಟಿ ನೋಡಿದವನು ನಾನೇ ಅಲ್ವಾ.

ಈ ಊರಿಗೆ ಕಳೆದುಕೊಂಡ ಅನುಭವ ಜಾಸ್ತಿಯೇ ಇದೆ. ವಾಸ್ತುಶಿಲ್ಪಿಗಳಾದ ಆಡ್ಲರ್ ಮತ್ತು ಸಲಿವನ್ ಕಟ್ಟಿದ ಗ್ಯಾರಿಕ್ ಥಿಯೇಟರನ್ನು 1961ರಲ್ಲಿ ಕೆಡವಿ ಪಾರ್ಕಿಂಗ್ ಗ್ಯಾರೇಜ್ ಮಾಡಿದರು. ಅವರದೇ 1894ರ ಸ್ಟಾಕ್ ಎಕ್ಸ್‌ಚೇಂಜ್ 1972ರಲ್ಲಿ ಹೋಯಿತು. ಅದರ ಅಲಂಕಾರಗಳನ್ನು ಉಳಿಸಲು ಒಳಗೆ ಹೋಗಿದ್ದ ಫೋಟೋಗ್ರಾಫರ್ ರಿಚರ್ಡ್ ನಿಕಲ್ ಅಲ್ಲೇ ಕುಸಿತಕ್ಕೆ ಸಿಕ್ಕಿ ಸತ್ತರು. ಅದರ ಬಾಗಿಲ ಕಮಾನು ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಹೊರಗೆ ಒಂಟಿಯಾಗಿ ನಿಂತಿದೆ. ಅದೇ ಲೂಪ್‌ನಲ್ಲಿ, ಬುಡದಲ್ಲಿ ಆರಡಿ ದಪ್ಪದ ಇಟ್ಟಿಗೆ ಗೋಡೆಯ ಹಳೆಯ ಮೊನಾಡ್‌ನಾಕ್ ಕಟ್ಟಡದಲ್ಲಿ ಇವತ್ತಿಗೂ ಆಫೀಸುಗಳು ನಡೆಯುತ್ತಿವೆ. ಹಾಗಾಗಿ ಹಳೆಯದು ಅಂದರೆ ಅಪಾಯ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ರಾತ್ರಿಯೆಲ್ಲ ಕೂತು ತುಂಡು ತುಂಡಿಗೂ ನಂಬರ್ ಹಾಕಿ ನಕ್ಷೆ ಮಾಡಿದೆ: ಯಾವುದು ದಬ್, ಯಾವುದು ಟಣ್, ಯಾವುದಕ್ಕೆ ಹೊಸ ಸ್ಟೇನ್‌ಲೆಸ್ ಆಂಕರ್ ಸಾಕು. ಇಳಿಸಲೇಬೇಕಾದ ತುಂಡುಗಳ ಅಳತೆ, ಫೋಟೋ ತೆಗೆದು, ಹೊಸದು ಮಾಡಿಸಲು ಅಚ್ಚಿಗೆ ಅಂತ ಎತ್ತಿಡಲು ಬರೆದೆ. ಮಾಲೀಕರು ನಕ್ಷೆ ನೋಡಿ ಮೂಲೆಯ ರಿಪೇರಿಗೆ ಒಪ್ಪಿದರು. ಈಗ ನಾಲ್ಕೂ ಕಡೆ ಕ್ಯಾನೊಪಿ ಇಲ್ಲದೆ ನಾನು ಮ್ಯಾಲೆಟ್ ಎತ್ತುವುದಿಲ್ಲ. ಆಫೀಸಿನ ಟೆಂಪ್ಲೇಟ್‌ನಲ್ಲಿ ಮಾತ್ರ ಇನ್ನೂ ಇಡೀ ಕಾರ್ನಿಸ್‌ಗೆ ಒಂದೇ ಕಾಲಂ ಇದೆ, ಬದಲಿಸಿ ಅಂತ ಪ್ರತಿ ಮೀಟಿಂಗ್‌ನಲ್ಲೂ ಕೇಳುತ್ತಿದ್ದೇನೆ.