ಜಿರಳೆಯಿಂದ ಕೋಳಿ ಕಣ್ಣಿಗೆ

ನಮ್ಮ ಕೆಂಪು ಹೇಂಟೆ ನಾಲ್ಕು ದಿನದಿಂದ ಎಡಗಣ್ಣನ್ನು ರೆಕ್ಕೆಗೆ ಉಜ್ಜುತ್ತಿತ್ತು. ಕಣ್ಣಲ್ಲಿ ನೊರೆ ನೊರೆ ನೀರು, ರೆಪ್ಪೆ ಊದಿತ್ತು. ಧೂಳು ಬಿದ್ದಿರಬೇಕು ಅಂತ ಸುಮ್ನೆ ಇದ್ದೆವು. ಇವತ್ತು ಪಶುವೈದ್ಯರು ಮರಗಟ್ಟಿಸುವ ಹನಿ ಹಾಕಿ, ಮೂಲೆಯಲ್ಲಿರುವ ಮೂರನೇ ರೆಪ್ಪೆಯನ್ನು ಚಿಮಟದಿಂದ ಮೆಲ್ಲಗೆ ಎತ್ತಿದರು. ಅದರಡಿ ಬಿಳಿ ದಾರದ ತುಂಡಿನಂಥ ಹುಳುಗಳು! ಒಂದೂವರೆ ಸೆಂಟಿಮೀಟರ್ ಉದ್ದ, ಇನ್ನೂ ಮಿಸುಕಾಡುತ್ತಿದ್ದವು. ಅಮ್ಮ ಕೋಳಿಯನ್ನು ಸೆರಗಲ್ಲಿ ಸುತ್ತಿ ಹಿಡಿದು, ಮುಖ ಆಚೆ ತಿರುಗಿಸಿಕೊಂಡಳು.

ಹುಳುವಿನ ಹೆಸರು ಆಕ್ಸಿಸ್ಪೈರೂರಾ ಮ್ಯಾನ್ಸೊನಿ. ಅದು ಬರುವ ದಾರಿ ಕೇಳಿ. ಕಣ್ಣಲ್ಲಿಟ್ಟ ಮೊಟ್ಟೆ ಕಣ್ಣೀರಿನ ನಾಳದಲ್ಲಿ ಬಾಯಿಗೆ ಇಳಿದು, ಕೊನೆಗೆ ಹಿಕ್ಕೆಯಲ್ಲಿ ಹೊರಬೀಳುತ್ತದೆ. ಹಿಕ್ಕೆ ತಿಂದ ಜಿರಳೆಯೊಳಗೆ ಮರಿ ಬೆಳೆಯುತ್ತದೆ. ಅಡುಗೆಮನೆಯ ಜಿರಳೆಯಲ್ಲ, ತೇವದ ಮಣ್ಣು, ಗೊಬ್ಬರದಡಿ ಇರುವ ಸುರಿನಾಮ್ ಜಿರಳೆ. ಅದನ್ನು ಕೋಳಿ ಕುಕ್ಕಿ ನುಂಗಿದರೆ ಮರಿಹುಳು ಗಂಟಲು ಹತ್ತಿ, ಅದೇ ನಾಳದಲ್ಲಿ ಕಣ್ಣು ಸೇರುತ್ತದೆ. ಇಷ್ಟು ಚಿಕ್ಕ ಜೀವಕ್ಕೆ ಎಷ್ಟು ದೊಡ್ಡ ಪ್ರಯಾಣ ಅಲ್ವಾ? ಜಾಸ್ತಿಯಾದರೆ ಕಣ್ಣೇ ಹೋಗಬಹುದಂತೆ.

ನನಗೆ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಅದನ್ನು ಗೂಡಲ್ಲಿ ಕೂಡಿಹಾಕಿದವರು ನಾವು. ಒದ್ದೆಯಾದ ಹೊಟ್ಟು ಬದಲಿಸದವರೂ ನಾವೇ. ಅದು ಪಾಪ, ಕಣ್ಣು ಉಜ್ಜಿ ಉಜ್ಜಿ ಹೇಳುತ್ತಲೇ ಇತ್ತು.

ಸಂಜೆ ಹಳೇ ಹೊಟ್ಟನ್ನೆಲ್ಲ ಬಾಚಿ ತೆಗೆದೆ. ಹಲಗೆಯಡಿ ಹನ್ನೊಂದು ಜಿರಳೆ ಸಿಕ್ಕವು. ಹೇಂಟೆ ಈಗ ಎರಡೂ ಕಣ್ಣು ಬಿಟ್ಟುಕೊಂಡು ರಾಗಿ ಹೆಕ್ಕುತ್ತಿದೆ.